ಬೊಜ್ಜಿಗೆ ಶಸ್ತ್ರಚಿಕಿತ್ಸೆ: ಅರ್ಹತೆ ಬೇರೆ, ಅಗತ್ಯ ಬೇರೆ

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆಯ ಯಜಮಾನಿಗೆ ವಯಸ್ಸು ನಲವತ್ತೈದು. ಎತ್ತರ 160 ಸೆಂಟಿಮೀಟರು, ತೂಕ 96 ಕಿಲೋಗ್ರಾಮು. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆಗಳ ಸಂಖ್ಯೆ ಏರುತ್ತ ಹೋಗಿದೆ, ರಕ್ತದ ಸಕ್ಕರೆ ಮಾತ್ರ ಹತೋಟಿಗೆ ಬಂದಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಬೆಚ್ಚಿ ಏಳುತ್ತಾರೆ. ವೈದ್ಯರು ಜಠರದ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದಾರೆ. ಇನ್ನೊಂದು ಮನೆ ಲಕ್ಷ್ಮೇಶ್ವರದಲ್ಲಿದೆಯೆನ್ನೋಣ. ಅಲ್ಲಿಯ ಮಗಳು ಕಾಲೇಜು ವಿದ್ಯಾರ್ಥಿನಿ, ಎತ್ತರ ಅಷ್ಟೇ, ತೂಕ 76, ರೋಗವೊಂದೂ ಇಲ್ಲ. ಆದರೆ ಕನ್ಯೆ ನೋಡಲು ಬಂದವರು “ಹುಡುಗಿ ದಪ್ಪ ಆತು” ಎಂದು ಹೇಳಿಹೋದ ಮೇಲೆ ಅದೇ ಶಸ್ತ್ರಚಿಕಿತ್ಸೆಯ ಮಾತು ಆ ಮನೆಯಲ್ಲಿಯೂ ಎದ್ದಿದೆ. ಮೊದಲನೆಯ ಮನೆಯ ಬಂಧುಗಳು “ಬಾಯಿ ಕಟ್ಟಿದರ ಸಾಕು, ಹೊಟ್ಟಿ ಯಾಕ ಕೊಯ್ಸಬೇಕು?” ಎಂದು ತಡೆಯುತ್ತಾರೆ. ಎರಡನೆಯ ಮನೆಯವರು “ಎರಡು ದಿನದ ಕೆಲಸ, ಮುಗಿಸಿಬಿಡೋಣು” ಎಂದು ಅವಸರಪಡಿಸುತ್ತಾರೆ. ಎರಡೂ ಕಡೆ ತಪ್ಪು ನಡೆಯುತ್ತಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ಕಿಲೋಗ್ರಾಮಿನಲ್ಲಿ ಹೇಳಿದ ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. 1.6ರ ವರ್ಗ 2.56. ಆದುದರಿಂದ ಬೆಟಗೇರಿಯ ತಾಯಿಯ ಸೂಚ್ಯಂಕ 37.5, ಲಕ್ಷ್ಮೇಶ್ವರದ ಹುಡುಗಿಯದು 30ಕ್ಕೆ ತುಸು ಕಡಿಮೆ. 1991ರಲ್ಲಿ ಅಮೆರಿಕದ ತಜ್ಞರು ಈ ಶಸ್ತ್ರಚಿಕಿತ್ಸೆಗೆ ಹಾಕಿದ ಗೆರೆ 40. ಜೊತೆಗೆ ಗಂಭೀರ ರೋಗವಿದ್ದರೆ 35. 2022ರಲ್ಲಿ ಅಮೆರಿಕದ ಹಾಗೂ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಕೂಡಿ ಆ ಗೆರೆಯನ್ನು ಕೆಳಗಿಳಿಸಿದವು. ಏಷ್ಯದವರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹವು ತಲೆದೋರುವುದರಿಂದ, ಅವರಿಗೆ ಸೂಚ್ಯಂಕ 27.5 ಮುಟ್ಟಿದರೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದೆಂದು ಅವು ಹೇಳಿದವು. ಹಾಗಾದರೆ ಲಕ್ಷ್ಮೇಶ್ವರದ ಹುಡುಗಿಯೂ ಅರ್ಹಳೇ ಆದಳು! ಇತ್ತ ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಗೊತ್ತುಪಡಿಸಿದ ನಿಬಂಧನೆಯಲ್ಲಿ ಹಳೆಯ 40 ಮತ್ತು 35ರ ಗೆರೆಗಳೇ ಇವೆ. 160 ಸೆಂಟಿಮೀಟರು ಎತ್ತರದವರಿಗೆ 27.5 ಎಂದರೆ ಸುಮಾರು 70 ಕಿಲೋಗ್ರಾಮು, 40 ಎಂದರೆ 102. ಒಂದೇ ಚಿಕಿತ್ಸೆಗೆ ಎರಡು ಬಾಗಿಲುಗಳು. ನಡುವೆ 32 ಕಿಲೋಗ್ರಾಮುಗಳ ಅಂತರ. ಸೂಚ್ಯಂಕವೊಂದೇ ತೀರ್ಪು ಕೊಡಲಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಶಸ್ತ್ರಚಿಕಿತ್ಸೆಯೆಂದರೇನು? ಜಠರದ ಹುಣ್ಣಿಗಾಗಿ ಜಠರದ ಒಂದು ಭಾಗವನ್ನು ತೆಗೆಸಿಕೊಂಡವರು ಮತ್ತೆ ದಪ್ಪಗಾಗದಿರುವುದನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಗಮನಿಸಿದರು. ಆ ಸುಳಿವನ್ನು ಹಿಡಿದು ಅವರೂ ಚಿಕಾಶಿ ಇಟೊ ಅವರೂ 1966ರ ಸುಮಾರಿಗೆ ಜಠರದ ಬಹುಭಾಗವನ್ನು ಬಳಸಿ ಹೋಗುವಂತೆ ಅನ್ನಕ್ಕೆ ಹೊಸ ದಾರಿ ಮಾಡಿದರು. ಇದೇ ಬೈಪಾಸ್. ಇಂದು ಹೆಚ್ಚು ಬಳಕೆಯಲ್ಲಿರುವ ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಅಂಗಿಯ ತೋಳಿನಂಥ ಕಿರಿದಾದ ನಳಿಕೆಯನ್ನು ಮಾತ್ರ ಉಳಿಸುತ್ತಾರೆ. ತೆಗೆದುದನ್ನು ಮರಳಿ ಜೋಡಿಸಲು ಬಾರದು.

ಚೀಲ ಚಿಕ್ಕದಾದುದರಿಂದ ಊಟ ಕಡಿಮೆಯಾಗುತ್ತದೆಂದು ಜನ ತಿಳಿಯುತ್ತಾರೆ. ಅದು ಅರ್ಧ ಸತ್ಯ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಹಸಿವನ್ನು ಎಬ್ಬಿಸುವ ಈ ರಸವು ಮುಖ್ಯವಾಗಿ ಜಠರದ ಮೇಲ್ಭಾಗದಲ್ಲಿ ಹುಟ್ಟುತ್ತದೆ. ಸ್ಲೀವ್ ವಿಧಾನದಲ್ಲಿ ಕತ್ತರಿಸಿ ಹೋಗುವುದು ಆ ಭಾಗವೇ. ಬೈಪಾಸಿನಲ್ಲಾದರೆ ಅನ್ನವು ಬೇಗನೆ ಸಣ್ಣ ಕರುಳನ್ನು ಸೇರಿ, ಇನ್ಸುಲಿನ್ನನ್ನು ಪ್ರಚೋದಿಸುವ ಹಾರ್ಮೋನುಗಳು ಹೆಚ್ಚುತ್ತವೆ. ತೂಕ ಇಳಿಯುವ ಮೊದಲೇ, ಕೆಲವು ದಿನಗಳಲ್ಲಿಯೇ, ಸಕ್ಕರೆ ಇಳಿಯತೊಡಗುತ್ತದೆ. ಬರಿಯ ಬಾಯಿ ಕಟ್ಟುವುದರಲ್ಲಿ ಇದರ ವಿರುದ್ಧ ನಡೆಯುತ್ತದೆ: ತೂಕ ಇಳಿದಂತೆ ಗ್ರೆಲಿನ್ ಏರುತ್ತದೆ, ದೇಹವು ತನ್ನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ. ಮೂರು ಸಲ ತೂಕ ಇಳಿಸಿ ಮೂರು ಸಲವೂ ಮರಳಿ ಪಡೆದವರನ್ನು ಹೊಟ್ಟೆಬಾಕರೆಂದು ಹಳಿಯುವವರಿಗೆ ಶರೀರಶಾಸ್ತ್ರದ ಗಂಧವಿಲ್ಲ.

ಫಲವೇನೆಂಬುದಕ್ಕೆ ಸ್ವೀಡನ್ ದೇಶದಲ್ಲಿ 1987ರಲ್ಲಿ ಪ್ರಾರಂಭವಾದ ದೀರ್ಘ ಅಧ್ಯಯನವನ್ನು ನೋಡಬೇಕು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2010 ಜನರನ್ನು, ಮಾಡಿಸಿಕೊಳ್ಳದ 2037 ಜನರೊಡನೆ ಹೋಲಿಸಿದರು. ಸರಾಸರಿ ಸುಮಾರು ಹನ್ನೊಂದು ವರ್ಷ ಕಳೆದಾಗ ಮೊದಲ ಗುಂಪಿನಲ್ಲಿ 101, ಎರಡನೆಯದರಲ್ಲಿ 129 ಸಾವುಗಳಾಗಿದ್ದವು. ಮೊದಲ ಗುಂಪಿನವರಲ್ಲಿ ಐವರು ಮೂರು ತಿಂಗಳೊಳಗೇ ತೀರಿಕೊಂಡಿದ್ದರೆಂಬುದನ್ನೂ ಮರೆಯಬಾರದು. ಮಧುಮೇಹಿಗಳಾಗಿದ್ದವರಲ್ಲಿ ಎರಡು ವರ್ಷಕ್ಕೆ ಶೇಕಡಾ 72 ಮಂದಿ ರೋಗಮುಕ್ತರಾಗಿದ್ದರು. ಹತ್ತು ವರ್ಷಕ್ಕೆ ಆ ಸಂಖ್ಯೆ 36ಕ್ಕೆ ಇಳಿದಿತ್ತು. ಜಾಹೀರಾತುಗಳು 72ನ್ನು ಹೇಳಿ ನಿಲ್ಲುತ್ತವೆ. 36 ಕೂಡ ಸಣ್ಣದಲ್ಲ. ಔಷಧಿಯಿಂದ ಅಷ್ಟು ದೊರೆಯುವುದು ಕಷ್ಟ. ಆದರೆ ನಿರ್ಧರಿಸುವವರಿಗೆ ಎರಡೂ ಅಂಕಿಗಳು ತಿಳಿದಿರಬೇಕು.

ಬೆಟಗೇರಿಯ ತಾಯಿಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟವಾಗಿದೆ. ಅವರ ರೋಗವು ಕಣ್ಣು, ಮೂತ್ರಪಿಂಡ, ಹೃದಯಗಳನ್ನು ದಿನದಿನವೂ ತಿನ್ನುತ್ತಿದೆ. ವೈದ್ಯರ ಸೂಚನೆಯನ್ನು ಅವರು ಲಜ್ಜೆಯಿಂದ ತಳ್ಳಿಹಾಕಬಾರದು. ಆದರೆ ಒಪ್ಪುವ ಮೊದಲು ಆಪರೇಷನ್ನಿನ ದಿನವನ್ನಲ್ಲ, ಅದರ ಮುಂದಿನ ಇಪ್ಪತ್ತು ವರ್ಷಗಳನ್ನು ಅವರು ಯೋಚಿಸಬೇಕು. ಬಿ12 ಜೀವಸತ್ವವನ್ನು ದೇಹವು ಹೀರಿಕೊಳ್ಳಲು ಜಠರದ ಸಹಾಯ ಬೇಕು. ನಮ್ಮ ಕಡೆ ಮಾಂಸ ಮುಟ್ಟದ ಮನೆಗಳು ಬಹಳ. ಆ ಜೀವಸತ್ವವು ಹಾಲು ಮೊಸರುಗಳಿಂದ ಬರುವಷ್ಟೇ. ಮೊದಲೇ ಬಡವಾದ ಉಗ್ರಾಣಕ್ಕೆ ಬಾಗಿಲನ್ನೂ ಕಿರಿದುಮಾಡಿದರೆ ಕೈಕಾಲು ಜೋಮು ಹಿಡಿಯುವುದು, ನೆನಪು ಮಸುಕಾಗುವುದು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ. ಕಬ್ಬಿಣ, ಕ್ಯಾಲ್ಸಿಯಂಗಳ ಕಥೆಯೂ ಇದೇ. ಗುಳಿಗೆ ಜೀವನವಿಡೀ, ರಕ್ತಪರೀಕ್ಷೆ ವರ್ಷವರ್ಷವೂ. ಊಟದಲ್ಲಿಯೂ ಕ್ರಮ ಬದಲಾಗುತ್ತದೆ. ಒಂದು ಚಹಾ ಲೋಟದಷ್ಟು ಹಿಡಿಯುವ ಜಠರವನ್ನು ಜೋಳದ ರೊಟ್ಟಿಯಿಂದ ತುಂಬಿಸಿಕೊಂಡರೆ ಸಸಾರಜನಕಕ್ಕೆ ಎಡೆಯಿಲ್ಲ. ಮೊದಲು ಹೆಸರುಕಾಳಿನ ಪಲ್ಯ, ಜುಣಕ, ಮೊಸರು, ಆಮೇಲೆ ಉಳಿದ ಜಾಗಕ್ಕೆ ರೊಟ್ಟಿಯ ತುಣುಕು. ಊಟದೊಡನೆ ನೀರು ಕುಡಿಯುವಂತಿಲ್ಲ. ಜಾತ್ರೆಯಲ್ಲಿ, ಮದುವೆಯಲ್ಲಿ “ಇನ್ನೊಂದು ಹೋಳಿಗಿ” ಎಂದು ಒತ್ತಾಯಿಸುವ ಪ್ರೀತಿಯನ್ನು ಎದುರಿಸುವುದು ಸುಲಭವೆಂದು ನಾವು ಹೇಳಲಾರೆವು.

ಲಕ್ಷ್ಮೇಶ್ವರದ ಹುಡುಗಿಗೆ ನಾವು ತಡೆ ಎನ್ನುತ್ತೇವೆ. ಆಕೆಯಲ್ಲಿ ತಗ್ಗಿಸಬೇಕಾದ ರೋಗವಿಲ್ಲ. ಇರುವುದು ಮಂದಿಯ ಮಾತು. ಮಂದಿಯ ಮಾತಿಗೆ ಆರೋಗ್ಯವಾದ ಅಂಗವೊಂದನ್ನು ತೆರುವುದು ದುಬಾರಿ ವ್ಯಾಪಾರ. ಇದಲ್ಲದೆ, ಲಗ್ನಕ್ಕಾಗಿ ಅವಸರಪಡುವ ಹಿರಿಯರು ಕೇಳದಿರುವ ಎರಡು ಸಂಗತಿಗಳಿವೆ. ತೂಕ ರಭಸದಿಂದ ಇಳಿಯುವ ಮೊದಲ ತಿಂಗಳುಗಳಲ್ಲಿ ಬಹಳ ಮಂದಿಗೆ ತಲೆಗೂದಲು ಉದುರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದೆಂದು ವೈದ್ಯರು ಹೇಳುತ್ತಾರೆ. ಮದುವೆಯಾದ ಮೂರನೆಯ ತಿಂಗಳಿಗೇ ಸಿಹಿಸುದ್ದಿ ಕೇಳುವ ಅತ್ತೆಯ ಮನೆಗೆ ಇದನ್ನು ಯಾರು ತಿಳಿಸುವರು?

ಈ ನಡುವೆ ಹೊಸ ಚುಚ್ಚುಮದ್ದುಗಳೂ ಬಂದಿವೆ. ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ತೂಕ ಇಳಿಸಲೆಂದು 2025ರಲ್ಲಿ ಭಾರತದ ಮಾರುಕಟ್ಟೆಗೆ ಇಳಿದವು. ಕೊಯ್ಯದೆ ಹಸಿವನ್ನು ತಗ್ಗಿಸುವುದು ಅವುಗಳ ಗುಣ; ನಿಲ್ಲಿಸಿದರೆ ತೂಕದ ಬಹುಪಾಲು ಮರಳುವುದು ದೋಷ. ಬೆಟಗೇರಿಯ ತಾಯಿ ಆಪರೇಷನ್ನಿಗೆ ಮೊದಲು ಈ ದಾರಿಯನ್ನೂ ವೈದ್ಯರಲ್ಲಿ ವಿಚಾರಿಸುವುದು ಒಳ್ಳೆಯದು.

ಕೊಬ್ಬು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯನ್ನೂ ಜನ ಇದರೊಡನೆ ಬೆರೆಸುತ್ತಾರೆ. 2022ರ ಮೇ ತಿಂಗಳಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ 21ನೆಯ ವಯಸ್ಸಿಗೇ ತೀರಿಕೊಂಡಾಗ, ಬೊಜ್ಜಿನ ಆಪರೇಷನ್ ಎಂದರೆ ಸಾವು ಎಂಬ ಭೀತಿ ಹಬ್ಬಿತು. ಚರ್ಮದ ಕೆಳಗಿನ ಕೊಬ್ಬನ್ನು ಹೀರುವುದು ದೇಹದ ಆಕಾರವನ್ನು ತಿದ್ದಲು. ಅದರಿಂದ ಮಧುಮೇಹವು ಹೋಗದು, ಹಸಿವೂ ತಗ್ಗದು. ಒಂದರ ಭಯವನ್ನು ಇನ್ನೊಂದಕ್ಕೆ ಹೊರಿಸುವುದು ಸರಿಯಲ್ಲ. ಎರಡರಲ್ಲಿಯೂ ಅರಿವಳಿಕೆಯ ಅಪಾಯವಿದೆಯೆಂಬುದು ಮಾತ್ರ ನಿಜ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಮನೆಯ ಹಿರಿಯರ ಕಾಗದಪತ್ರಗಳನ್ನು ಓದಿ ಹೇಳುವವರು ಈಗ ನೀವೇ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರು. ಮುಂಡರಗಿ, ಶಿರಹಟ್ಟಿಗಳ ಹಳ್ಳಿಗಳಿಂದ ಇನ್ನೂ ದೂರ. ಆಪರೇಷನ್ ಮಾಡಿದ ವೈದ್ಯರು ನಡುರಾತ್ರಿಯಲ್ಲಿ ಕೈಗೆ ಸಿಗುವುದಿಲ್ಲ. ಐದು ವರ್ಷಗಳ ನಂತರ ತಾಯಿಗೆ ತಡೆಯಲಾರದ ಹೊಟ್ಟೆನೋವು, ವಾಂತಿ ಬಂದರೆ ನೋಡುವವರು ಊರಿನ ವೈದ್ಯರೇ. ಒಳಗೆ ಯಾವ ವಿಧಾನ ನಡೆದಿದೆ, ಎಷ್ಟು ಕರುಳನ್ನು ಬಳಸಿ ದಾರಿ ಮಾಡಿದ್ದಾರೆ ಎಂದು ಅವರಿಗೆ ತಿಳಿಯಬೇಕು. ಆದುದರಿಂದ ಬಿಡುಗಡೆಯ ದಿನ ಆಸ್ಪತ್ರೆಯವರಿಂದ ಆ ವಿವರಗಳನ್ನು ಬರೆಯಿಸಿಕೊಂಡು, ಒಂದು ಪ್ರತಿಯನ್ನು ಮನೆಯ ಕಪಾಟಿನಲ್ಲಿಯೂ ಇನ್ನೊಂದನ್ನು ತಾಯಿಯ ಕೈಚೀಲದಲ್ಲಿಯೂ ಇಡಿರಿ.