ಕಪಾಟಿನ ಪುಸ್ತಕವೂ ಕೈಯೊಳಗಿನ ಪರದೆಯೂ

ಹಳೆಯ ಹೆಂಚಿನ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟುವುದು ನಮ್ಮ ಕರಾವಳಿಯ ಊರುಗಳಲ್ಲಿ ಈಗ ಹೊಸ ಸಂಗತಿಯೇನಲ್ಲ. ಕೆಡವುವ ಮುನ್ನ ಹೆಂಚಿಗೆ ಬೆಲೆ ಕಟ್ಟುತ್ತಾರೆ, ತೊಲೆಗೆ ಬೆಲೆ ಕಟ್ಟುತ್ತಾರೆ, ಬಾಗಿಲ ದಾರಂದಕ್ಕೆ ಪೇಟೆಯಿಂದ ಗಿರಾಕಿ ಬರುತ್ತಾನೆ. ಮನೆಯ ಅಲ್ತಾರಿನಲ್ಲಿದ್ದ ಪ್ರತಿಮೆಗಳು ಭಕ್ತಿಯಿಂದ ಹೊಸ ಮನೆ ಸೇರುತ್ತವೆ. ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಪುಸ್ತಕಗಳು ಮಾತ್ರ ಗುಜರಿಯವನ ತಕ್ಕಡಿಗೆ ಏರುತ್ತವೆ. ಕಳೆದ ಬೇಸಗೆಯಲ್ಲಿ ಅಂಥ ಒಂದು ಮನೆಯಂಗಳದಲ್ಲಿ ನಾವು ನಿಂತಿದ್ದೆವು. ಪುಸ್ತಕಗಳ ಕಟ್ಟನ್ನು ಕಂಡು ಇವನ್ನೇಕೆ ಕೊಡುತ್ತೀರಿ ಎಂದು ವಿಚಾರಿಸಿದಾಗ ಮನೆಯ ಯಜಮಾನರು ನಗುತ್ತಾ, "ಈಗ ಎಲ್ಲ ಮೊಬೈಲಿನಲ್ಲೇ ಸಿಗ್ತದಲ್ಲ ಮಾರಾಯ್ರೆ" ಎಂದರು. ಅವರು ಓದು ಬಲ್ಲವರು, ಮಕ್ಕಳಿಗೆ ಉನ್ನತ ವಿದ್ಯಾಭ್ಯಾಸ ಕೊಡಿಸಿದವರು. ಆದುದರಿಂದಲೇ ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲು ನಮಗೆ ಮನಸ್ಸು ಬಾರದು.

ಮುದ್ರಿತ ಪುಸ್ತಕದ ಅಂತ್ಯವನ್ನು ಸಾರುವ ಭವಿಷ್ಯವಾಣಿಗಳನ್ನು ನಾವು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇವೆ. 2007ರಲ್ಲಿ ಅಮೆಜಾನ್ ಸಂಸ್ಥೆಯು ಕಿಂಡಲ್ ಎಂಬ ಓದುಯಂತ್ರವನ್ನು ಮಾರುಕಟ್ಟೆಗೆ ತಂದಾಗ ಆ ಕೂಗು ಇನ್ನಷ್ಟು ಜೋರಾಯಿತು. 2012ರಲ್ಲಿ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾದವರು 244 ವರ್ಷಗಳ ಮುದ್ರಣವನ್ನು ನಿಲ್ಲಿಸಿದಾಗ ಕಥೆ ಮುಗಿದೇ ಹೋಯಿತೆಂದು ಹಲವರು ಬರೆದರು. ಕಥೆ ಮುಗಿಯಲಿಲ್ಲ. ಅಮೆರಿಕದಲ್ಲಿ ಕೆಲವು ವರ್ಷ ನಾಗಾಲೋಟದಲ್ಲಿ ಬೆಳೆದ ಇ-ಪುಸ್ತಕದ ಮಾರಾಟವು ಆ ಬಳಿಕ ವೇಗ ಕಳೆದುಕೊಂಡಿತು. ಕಾಗದದ ಪುಸ್ತಕವೇ ಇಂದಿಗೂ ಅಲ್ಲಿ ಹೆಚ್ಚು ಮಾರಾಟವಾಗುತ್ತಿದೆ. ನಾವು ಕಂಡಂತೆ, ಹುಡುಕಿ ನೋಡುವ ಗ್ರಂಥಗಳಾದ ನಿಘಂಟು, ವಿಶ್ವಕೋಶ, ದೂರವಾಣಿ ಕೈಪಿಡಿಗಳು ಪರದೆಗೆ ಹೋದವು. ಕುಳಿತು ಓದುವ ಗ್ರಂಥಗಳು ಬಹುಮಟ್ಟಿಗೆ ಕಾಗದದಲ್ಲೇ ಉಳಿದವು.

ಹೆತ್ತವರು ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯ ಪ್ರಕಾರ, ಮಾಹಿತಿಯ ಬರಹಗಳನ್ನು ಕಾಗದದಲ್ಲಿ ಓದಿದವರು ಪರದೆಯಲ್ಲಿ ಓದಿದವರಿಗಿಂತ ಚೆನ್ನಾಗಿ ಗ್ರಹಿಸುತ್ತಾರೆ. ಸಮಯದ ಒತ್ತಡವಿದ್ದರೆ ಈ ಅಂತರ ಇನ್ನೂ ಹೆಚ್ಚು. ಕಥೆಗಳ ವಿಷಯದಲ್ಲಿ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ಶಾಲೆಗಳಿಗೆ ಗಣಕಯಂತ್ರವನ್ನು ಉತ್ಸಾಹದಿಂದ ತಂದಿದ್ದ ಸ್ವೀಡನ್ ದೇಶವೇ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳ ಖರೀದಿಗೆ ಶಾಲೆಗಳಿಗೆ ಪ್ರತ್ಯೇಕ ಹಣ ಒದಗಿಸಿತು. ಪರೀಕ್ಷೆಯ ಹಿಂದಿನ ದಿನ ಮಗಳು ಮೊಬೈಲು ಹಿಡಿದು "ಓದುತ್ತಿದ್ದೇನೆ" ಎಂದಾಗ ಸಂಶಯಪಡುವ ತಾಯಂದಿರಿಗೆ ಇದರಿಂದ ಸ್ವಲ್ಪ ಬಲ ಬರಬಹುದು.

ಆದರೆ ನಮ್ಮ ಆತಂಕ ಪಠ್ಯಪುಸ್ತಕದ ಕುರಿತಾದುದಲ್ಲ. ಅದನ್ನು ಮುದ್ರಿಸಲು ಸರಕಾರವಿದೆ, ಕೊಳ್ಳಲು ಲಕ್ಷಾಂತರ ಮಂದಿಯಿದ್ದಾರೆ. ಐನೂರು, ಸಾವಿರ ಪ್ರತಿಗಳಷ್ಟೇ ಅಚ್ಚಾಗಿ ನಮ್ಮ ಮನೆಗಳೊಳಗೆ ಮಾತ್ರ ಬದುಕಿರುವ ಪುಸ್ತಕಗಳ ಗತಿ ಏನು? ಕನ್ನಡ ಲಿಪಿಯ ಕೊಂಕಣಿ ಗೀತೆಗಳ ಪುಸ್ತಕ, ಸಂತರ ಚರಿತ್ರೆ, ಊರಿನ ಇಗರ್ಜಿಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಕೈಯಿಂದ ಕೈಗೆ ದಾಟಿದ ನಾಟಕದ ಪುಸ್ತಕ? ಇಂಥವುಗಳ ಗತಿಯೇನಾಗಬಹುದೆಂದು ತಿಳಿಯಲು ಭವಿಷ್ಯ ನುಡಿಯಬೇಕಾಗಿಲ್ಲ. ನಮ್ಮ ಸಮುದಾಯದ ಇತಿಹಾಸದಲ್ಲೇ ಇದಕ್ಕೆ ದೊಡ್ಡದೊಂದು ಉದಾಹರಣೆ ಇದೆ.

ಭಾರತದ ಮೊತ್ತಮೊದಲ ಮುದ್ರಣಯಂತ್ರವು 1556ರಲ್ಲಿ ಗೋವಾಕ್ಕೆ ಬಂತು. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವಾಕ್ಕೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು ಇಲ್ಲಿಯ ಜನರ ನುಡಿಯನ್ನು ಕಲಿತು, ಮರಾಠಿಯಲ್ಲಿ ಕೊಂಕಣಿಯ ಪದಗಳನ್ನು ಬೆರೆಸಿ, ಹನ್ನೊಂದು ಸಾವಿರದಷ್ಟು ಓವಿಗಳ 'ಕ್ರಿಸ್ತಪುರಾಣ'ವನ್ನು ರಚಿಸಿದರು. ಅದು 1616ರಲ್ಲಿ ರಾಶೋಲಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. 1649ರಲ್ಲಿ ಮತ್ತೊಮ್ಮೆ, 1654ರಲ್ಲಿ ಮಗದೊಮ್ಮೆ ಮುದ್ರಣ ಕಂಡಿತು. ಒಂದು ಪುಸ್ತಕಕ್ಕೆ ಆ ಕಾಲದಲ್ಲಿ ಇದಕ್ಕಿಂತ ಹೆಚ್ಚಿನ ಭದ್ರತೆ ಏನಿದ್ದೀತು? ಆದರೂ ಈ ಮೂರು ಮುದ್ರಣಗಳ ಪೈಕಿ ಒಂದೇ ಒಂದು ಪ್ರತಿಯೂ ಇಂದು ಎಲ್ಲಿಯೂ ಉಳಿದಿರುವಂತೆ ತಿಳಿದುಬಂದಿಲ್ಲ. 1684ರಲ್ಲಿ ಪೋರ್ಚುಗೀಸ್ ಆಡಳಿತವು ಗೋವಾದ ಜನರು ಮೂರು ವರ್ಷಗಳೊಳಗೆ ತಮ್ಮ ನುಡಿಯನ್ನು ಬಿಟ್ಟು ಪೋರ್ಚುಗೀಸ್ ಮಾತನಾಡಬೇಕೆಂದು ಆಜ್ಞೆ ಹೊರಡಿಸಿತ್ತು. ಆಳುವವರಿಗೆ ಬೇಡವಾದ ನುಡಿಯ ಪುಸ್ತಕಕ್ಕೆ ನಾಲ್ಕನೆಯ ಮುದ್ರಣ ಎಲ್ಲಿಂದ ಬರಬೇಕು?

ಹಾಗಿದ್ದರೂ ಕ್ರಿಸ್ತಪುರಾಣ ನಮಗೆ ಸಿಕ್ಕಿದೆ. ಅಚ್ಚಿನ ಪ್ರತಿಗಳು ಸವೆದು ಹೋಗುವ ಮೊದಲು ಅದನ್ನು ಮನೆಗಳಲ್ಲಿ ಓದುತ್ತಿದ್ದ ಜನರು ಕೈಯಿಂದ ನಕಲು ಮಾಡಿಕೊಂಡರು. ಆ ನಕಲುಗಳಿಂದ ಮತ್ತೆ ನಕಲುಗಳಾದವು. ಕರಾವಳಿಯ ಕ್ರೈಸ್ತ ಮನೆತನಗಳಲ್ಲಿ ಉಳಿದ ಇಂಥ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ, ಜೋಸೆಫ್ ಸಲ್ಡಾನ್ಹಾರವರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮರಳಿ ಅಚ್ಚು ಹಾಕಿಸಿದರು. ಎರಡೂವರೆ ಶತಮಾನಗಳ ಕಾಲ ಆ ಗ್ರಂಥಕ್ಕೆ ಮುದ್ರಣಾಲಯದ ಆಸರೆ ಇರಲಿಲ್ಲ. ದೀಪದ ಬೆಳಕಿನಲ್ಲಿ ಕುಳಿತು ಪುಟ ಪುಟವಾಗಿ ಬರೆದುಕೊಂಡ, ಹೆಸರೂ ಉಳಿಯದ ಸಾಮಾನ್ಯ ಜನರು ಅದನ್ನು ನಮಗೆ ದಾಟಿಸಿದರು. ಮುದ್ರಿತ ಪುಸ್ತಕ ಉಳಿಯುತ್ತದೆಯೇ ಎಂದು ಕೇಳುವವರು ಒಮ್ಮೆ ಈ ಕಥೆಯನ್ನು ನೆನೆಯಬೇಕು. ಓದುವವರಿಲ್ಲದೆ ಹೋದರೆ ಮೂರು ಮುದ್ರಣಗಳೂ ಪುಸ್ತಕವನ್ನು ಕಾಯಲಾರವು.

ಪರದೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಣ್ಣಿನ ಪೊರೆಯಿಂದಾಗಿ ಪ್ರಾರ್ಥನೆ ಪುಸ್ತಕವನ್ನು ಮುಚ್ಚಿಟ್ಟಿದ್ದ ಅಜ್ಜಿಯರು ಅಕ್ಷರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಮತ್ತೆ ಓದತೊಡಗಿದ್ದನ್ನು ನಾವು ಕಂಡಿದ್ದೇವೆ. ಕುವೈತಿನಲ್ಲೋ ಟೊರಾಂಟೋದಲ್ಲೋ ನೆಲೆಸಿದ ಮಗನಿಗೆ ಊರಿನ ಪುಸ್ತಕ ಒಂದು ಕ್ಷಣದಲ್ಲಿ ತಲಪುತ್ತದೆ. ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ತೆರೆದ ಬಾಸೆಲ್ ಮಿಶನ್ನಿನವರ ಅಚ್ಚಿನ ಅನೇಕ ಹಳೆಯ ಪುಸ್ತಕಗಳನ್ನು ಇಂದು ಜರ್ಮನಿಯ ತ್ಯೂಬಿಂಗನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. (ನಮ್ಮ ಜೆಸ್ವಿತ್ ಗುರು ಮಾಫೇಯಿಯವರ ಕೊಂಕಣಿ ವ್ಯಾಕರಣವೂ ಕೊಂಕಣಿ ನಿಘಂಟೂ 1882 ಮತ್ತು 1883ರಲ್ಲಿ ಅಚ್ಚಾದದ್ದು ಈ ಪ್ರೊಟೆಸ್ಟಂಟರ ಮುದ್ರಣಾಲಯದಲ್ಲೇ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು.) ವ್ಯಾಟಿಕನ್ ಗ್ರಂಥಾಲಯವು ಸಹ ತನ್ನ 80,000ದಷ್ಟು ಹಸ್ತಪ್ರತಿಗಳ ಛಾಯಾಪ್ರತಿ ತೆಗೆಯುವ ಕಾರ್ಯಕ್ಕೆ ಕೈಹಾಕಿದೆ. ಆ ಚಿತ್ರಗಳನ್ನು ಕಾಪಿಡಲು ಅವರು ಆರಿಸಿಕೊಂಡದ್ದು ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಚಿತ್ರಗಳಿಗಾಗಿ ಬಳಸುವ ಕಡತದ ಮಾದರಿಯನ್ನು. ದಶಕಗಳು ಕಳೆದರೂ ಅದನ್ನು ತೆರೆದು ನೋಡಲು ಸಾಧ್ಯವಾಗಬೇಕೆಂಬುದು ಅದರ ಹಿಂದಿನ ಆಲೋಚನೆ. ಮೂಲ ಪ್ರತಿಗಳನ್ನು ಮಾತ್ರ ಅವರು ಗುಜರಿಗೆ ಹಾಕಿಲ್ಲ.

ಈ ಮುಂದಾಲೋಚನೆ ನಮಗಿರಲಿಲ್ಲ. 1990ರ ದಶಕದಲ್ಲಿ ನಮ್ಮ ಇಗರ್ಜಿಯೊಂದರ ಸ್ಮರಣ ಸಂಚಿಕೆಯನ್ನು ಗಣಕಯಂತ್ರದಲ್ಲಿ ಜೋಡಿಸಿ, ಫ್ಲಾಪಿಯಲ್ಲಿ ಹಾಕಿ, ಇನ್ನು ನೂರು ವರ್ಷ ಚಿಂತೆಯಿಲ್ಲವೆಂದು ನಾವೇ ಹೇಳಿಕೊಂಡಿದ್ದೆವು. ಇತ್ತೀಚೆಗೆ ಆ ಫ್ಲಾಪಿಯನ್ನು ಓದುವ ಯಂತ್ರವನ್ನು ಹುಡುಕುವುದೇ ದೊಡ್ಡ ಸಾಹಸವಾಯಿತು. ಯಂತ್ರ ಸಿಕ್ಕಿ ಕಡತ ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು! ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಒಂದೊಂದು ತಂತ್ರಾಂಶಕ್ಕೂ ತನ್ನದೇ ಅಕ್ಷರಸಂಕೇತವಿದ್ದುದು ಇದಕ್ಕೆ ಕಾರಣ. ಸಂಚಿಕೆಯ ಮುದ್ರಿತ ಪ್ರತಿ, ಮೂಲೆ ಇಲಿ ಕಡಿದಿದ್ದರೂ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಬಂತು.

ಹಣ ಕೊಟ್ಟು ಕೊಂಡ ಇ-ಪುಸ್ತಕವಾದರೂ ನಮ್ಮದೇ? 2009ರಲ್ಲಿ ಜಾರ್ಜ್ ಆರ್ವೆಲ್ಲರ ಎರಡು ಕೃತಿಗಳನ್ನು ಮಾರಿದವರಿಗೆ ಅವುಗಳ ಹಕ್ಕಿರಲಿಲ್ಲವೆಂಬ ಕಾರಣಕ್ಕೆ ಅಮೆಜಾನ್ ಸಂಸ್ಥೆಯು ಓದುಗರ ಯಂತ್ರಗಳಿಂದಲೇ ಅವನ್ನು ಅಳಿಸಿಹಾಕಿತು. ಹಣ ಹಿಂದಿರುಗಿಸಿ, ಬಳಿಕ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಮಾಯವಾದವು. ಅಲ್ಲಿಯೂ ಹಣ ಮರಳಿ ಬಂತು; ಪುಟದಂಚಿನಲ್ಲಿ ಟಿಪ್ಪಣಿ ಬರೆದಿಟ್ಟುಕೊಂಡವರಿಗೆ 25 ಡಾಲರು ಹೆಚ್ಚುವರಿಯಾಗಿ ದೊರೆಯಿತು. ಮಗುವಿನ ಜ್ಞಾನಸ್ನಾನದ ದಿನಾಂಕವನ್ನು ಪ್ರಾರ್ಥನೆ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡುವ ನಮ್ಮ ಹಿರಿಯರ ಅಕ್ಷರಕ್ಕೆ ಎಷ್ಟು ಡಾಲರು ಎಂದು ಕೇಳಬೇಕೆನಿಸಿತು. ನ್ಯೂಜಿಲೆಂಡಿನ ಧರ್ಮಾಧ್ಯಕ್ಷರು 2012ರಲ್ಲಿ ಬಲಿಪೂಜೆಯಲ್ಲಿ ಗುರುಗಳು ಐಪ್ಯಾಡನ್ನಲ್ಲ, ಮುದ್ರಿತ ಪೂಜಾಗ್ರಂಥವನ್ನೇ ಬಳಸಬೇಕೆಂದು ಸೂಚಿಸಿದರು. ನಾಳೆ ಬೇರೊಂದನ್ನು ತೋರಿಸಬಲ್ಲ ಪರದೆಗೂ ಒಂದೇ ಕೆಲಸಕ್ಕೆ ಮೀಸಲಾದ ಪುಸ್ತಕಕ್ಕೂ ಇರುವ ಭೇದ ಅವರಿಗೆ ಮುಖ್ಯವೆನಿಸಿರಬೇಕು.

ಕಾಗದವೇನೂ ಅಮರವಲ್ಲ, ನಿಜ. ನಮ್ಮ ಮಳೆಗಾಲದ ಬೂಷ್ಟು, ಗೆದ್ದಲು, ಅಗ್ಗದ ಕಾಗದ ಇವು ಮೂರೂ ಸೇರಿದರೆ ಐವತ್ತು ವರ್ಷವೂ ಬಹಳ. ಹಾಗಾಗಿ ಕಾಗದವೋ ಪರದೆಯೋ ಎಂಬ ವಾದ ನಮಗೆ ಅಷ್ಟೊಂದು ಮುಖ್ಯವೆನಿಸುವುದಿಲ್ಲ. ನಿಜವಾದ ಅಪಾಯ ಬೇರೆಡೆ ಇದೆ. 1938ರಿಂದ 'ರಾಕ್ಣೊ' ಪತ್ರಿಕೆಯು ಕನ್ನಡ ಲಿಪಿಯ ಕೊಂಕಣಿಯಲ್ಲಿ ಬಂದಿತು. ಅದನ್ನು ಓದಿ ಬೆಳೆದವರ ಮೊಮ್ಮಕ್ಕಳಲ್ಲಿ ಮುಂಬೈಯಲ್ಲಿ, ಕೊಲ್ಲಿ ನಾಡುಗಳಲ್ಲಿ ಹುಟ್ಟಿದ ಅನೇಕರಿಗೆ ಈ ಲಿಪಿಯೇ ಅಪರಿಚಿತ. ಅಕ್ಷರ ಬಾರದವನಿಗೆ ಚರ್ಮದ ಹೊದಿಕೆಯ ಪುಸ್ತಕ ಕೊಟ್ಟರೇನು, ಪಿಡಿಎಫ್ ಕಳುಹಿಸಿದರೇನು? ಸಂಜೆಯ ತೇರ್ಸು ಮುಗಿದ ಮೇಲೆ ಹತ್ತು ನಿಮಿಷ ಯಾರಾದರೊಬ್ಬರು ಗಟ್ಟಿಯಾಗಿ ಓದುವ ಪದ್ಧತಿ ಹಿಂದೆ ಹಲವು ಮನೆಗಳಲ್ಲಿತ್ತು. ಮಕ್ಕಳು ಅಕ್ಷರ ಕಲಿತದ್ದು ಅಲ್ಲಿ. ಆ ಹತ್ತು ನಿಮಿಷ ಈಗ ಧಾರಾವಾಹಿಗೆ ಹೋಗಿದೆ, ಅಥವಾ ಪ್ರತಿಯೊಬ್ಬರ ಕೈಯಲ್ಲಿರುವ ಬೇರೆ ಬೇರೆ ಮೊಬೈಲಿಗೆ.

ಗುರ್ಕಾರರು ವಾಳೆಯ ಸಭೆಯಲ್ಲಿ ಒಂದು ಸಂಗತಿಯನ್ನು ಎತ್ತಬಹುದು. ಮನೆ ಕೆಡವುವವರು ಗುಜರಿಯವನನ್ನು ಕರೆಯುವ ಮುನ್ನ ಪುಸ್ತಕದ ಪೆಟ್ಟಿಗೆಯನ್ನು ಬಲ್ಲವರೊಬ್ಬರಿಗೆ ತೋರಿಸಲಿ. ಯುವ ಸಂಘಟನೆಯ ಮಕ್ಕಳು ಅಪರೂಪದವುಗಳ ಚಿತ್ರ ತೆಗೆಯಲಿ. ಮೂಲವನ್ನು ಇಗರ್ಜಿಯ ಕಪಾಟಿನಲ್ಲಿ ಇಡಲಿ. ಇದಕ್ಕೆ ದೊಡ್ಡ ನಿಧಿಯೇನೂ ಬೇಡ.

ಆ ಅಂಗಳದ ಕಟ್ಟಿನಿಂದ ನಾವು ಅಂದು ನಾಲ್ಕು ಪುಸ್ತಕಗಳನ್ನು ಬಿಡಿಸಿಕೊಂಡೆವು. ಅವುಗಳಲ್ಲಿ ಒಂದು ಕೊಂಕಣಿ ಗೀತೆಗಳ ಪುಸ್ತಕ. ಮುಖಪುಟವಿರಲಿಲ್ಲ, ನಡುವಿನ ಎರಡು ಹಾಳೆಗಳೂ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆವು, ಸಿಗಲಿಲ್ಲ. ಕೆಲವು ವಾರಗಳ ನಂತರ ಅದನ್ನು ಹಿಂದಿರುಗಿಸಲು ಹೋದಾಗ ಯಜಮಾನರ ವೃದ್ಧ ತಾಯಿಯವರು ಹೊಸ ಮನೆಯ ಜಗಲಿಯಲ್ಲಿ ಕುಳಿತಿದ್ದರು. ಪುಸ್ತಕವನ್ನು ತಡವಿ ನೋಡಿ, ಹಾಳೆಗಳು ಹೋದ ಜಾಗದಲ್ಲಿ ಬೆರಳಿಟ್ಟು, ಅಲ್ಲಿದ್ದ ಗೀತೆಯನ್ನು ಮೊದಲಿನಿಂದ ಹಾಡತೊಡಗಿದರು. ದುಬಾಯಿಯಿಂದ ರಜೆಗೆ ಬಂದಿದ್ದ ಮೊಮ್ಮಗನಿಗೆ ಕನ್ನಡ ಅಕ್ಷರ ಬಾರದು. ಅವನು ಮೊಬೈಲನ್ನು ಅಜ್ಜಿಯ ಮುಂದಿಟ್ಟು ಧ್ವನಿಯನ್ನು ಹಿಡಿದುಕೊಂಡ. ಆಮೇಲೆ ಒಂದು ಕಾಗದ ಕೇಳಿ ತೆಗೆದುಕೊಂಡು, ಅಜ್ಜಿಯನ್ನು ಸಾಲು ಸಾಲಿಗೂ ನಿಲ್ಲಿಸುತ್ತಾ, ರೋಮನ್ ಲಿಪಿಯಲ್ಲಿ ಬರೆದುಕೊಳ್ಳಲಾರಂಭಿಸಿದ.