ಕರಗಲೂ ಬೇಕು, ತೇವ ತಡೆಯಲೂ ಬೇಕು!

'ಮಣ್ಣಿನಲ್ಲಿ ಕರಗುತ್ತದೆ' ಎಂದು ಹಸಿರು ಅಕ್ಷರಗಳಲ್ಲಿ ಅಚ್ಚಾದ ಚೀಲಗಳು ಘಟ್ಟದ ಮೇಲಿನ ಅಂಗಡಿಗಳಿಗೂ ಬಂದಿವೆ. ಅವುಗಳ ಬೆನ್ನಿಗೇ ಇನ್ನೊಂದು ಆಶ್ವಾಸನೆಯೂ ಬರುತ್ತಿದೆ. ಹಪ್ಪಳ, ಕಾಳುಮೆಣಸು, ಸಂಬಾರಪುಡಿಗಳನ್ನೂ ಇಂಥ ಜೈವಿಕ ಪ್ಲಾಸ್ಟಿಕ್ಕಿನಲ್ಲೇ ಕಟ್ಟಬಹುದು, ನ್ಯಾನೊ ಕಣಗಳನ್ನು ಬೆರೆಸಿದರೆ ತೇವ ಒಳಸೇರದು, ಬಿಸಾಡಿದರೆ ಗೊಬ್ಬರವಾಗುತ್ತದೆ! ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಈ ಮಾತನ್ನು ನಂಬುವ ಮೊದಲು, ಅದು ಎಷ್ಟರಮಟ್ಟಿಗೆ ನಿಜವೆಂದು ಲೆಕ್ಕ ಹಾಕಿ ನೋಡುವುದು ಒಳಿತು.

ಪಾಲಿಥೀನಿಗೆ ನೀರು ಅಂಟುವುದಿಲ್ಲ. ಅದು ತೇವವನ್ನು ತಡೆಯುವುದಕ್ಕೂ, ದಶಕಗಟ್ಟಲೆ ಕೊಳೆಯದೆ ಉಳಿಯುವುದಕ್ಕೂ ಬಹುಮಟ್ಟಿಗೆ ಈ ಒಂದೇ ಗುಣ ಕಾರಣ. ಮೆಕ್ಕೆಜೋಳದ ಪಿಷ್ಟದಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿಎಲ್‌ಎ, ಇದಕ್ಕೆ ವಿರುದ್ಧ. ಅದರ ಕೊಂಡಿಗಳನ್ನು ಕತ್ತರಿಸುವುದೇ ನೀರು. ನೀರು ತುಂಡರಿಸಿದ್ದನ್ನು ಆಮೇಲೆ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಕೊಳೆಯಬೇಕಾದರೆ ನೀರು ಒಳಬರಲೇಬೇಕು, ಸರಕು ಕೆಡದಿರಬೇಕಾದರೆ ಬರಲೇಬಾರದು. ಒಂದೇ ದಪ್ಪದ ಹಾಳೆಯಲ್ಲಿ ಪಾಲಿಥೀನು ಬಿಟ್ಟುಕೊಡುವ ನೀರಾವಿಗಿಂತ ಪಿಎಲ್‌ಎ ಬಿಟ್ಟುಕೊಡುವುದು ಹತ್ತು ಪಟ್ಟಿಗೂ ಹೆಚ್ಚು. ಪಿಷ್ಟದ ಹಾಳೆಯದು ಇದಕ್ಕಿಂತಲೂ ಕಡೆ.

ಈ ಸೋರಿಕೆಯನ್ನು ಮುಚ್ಚಲು ವಿಜ್ಞಾನಿಗಳು ಹಿಡಿದ ದಾರಿ ನಿಜಕ್ಕೂ ಜಾಣತನದ್ದು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಒಂದೊಂದು ಪದರದ ದಪ್ಪ ಒಂದು ನ್ಯಾನೊಮೀಟರು. ಅಗಲ ಅದರ ನೂರಾರು ಪಟ್ಟು. ಅಂಥ ಪದರಗಳನ್ನು ಬಿಡಿಸಿ ಪ್ಲಾಸ್ಟಿಕ್ಕಿನೊಳಗೆ ಹಂಚಿನಂತೆ ಹಾಸಿದರೆ ನೀರಾವಿ ನೇರವಾಗಿ ದಾಟಲಾರದೆ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಜಪಾನಿನ ಟೊಯೋಟಾ ಸಂಶೋಧಕರು 1980ರ ದಶಕದಲ್ಲಿ ನೈಲಾನಿಗೆ ಜೇಡಿ ಬೆರೆಸಿ ತೋರಿಸಿದ ಮೇಲೆ ಈ ವಿದ್ಯೆ ಎಲ್ಲೆಡೆ ಹರಡಿತು. ಸುತ್ತುದಾರಿಯ ಗಣಿತವನ್ನು ನೀಲ್ಸನ್ ಎಂಬ ವಿಜ್ಞಾನಿ 1967ರಲ್ಲೇ ಬರೆದಿಟ್ಟಿದ್ದ.

ಆ ಗಣಿತವನ್ನೇ ಬಿಡಿಸಿ ನೋಡಬಹುದು. ಪದರದ ಅಗಲ ದಪ್ಪದ ನೂರು ಪಟ್ಟು, ಜೇಡಿ ತೂಕದಲ್ಲಿ ಸುಮಾರು ಶೇಕಡಾ 5, ಅಂದರೆ ಗಾತ್ರದಲ್ಲಿ ಎರಡೂವರೆ ಎಂದಿಟ್ಟುಕೊಂಡರೆ ಸೋರಿಕೆ ಶೇಕಡಾ 43ಕ್ಕೆ ಇಳಿಯುತ್ತದೆ. ಪ್ರಯೋಗಾಲಯಕ್ಕೆ ಇದು ದೊಡ್ಡ ಗೆಲುವು. ಆದರೆ ಪಾಲಿಥೀನಿನ ಹತ್ತು ಪಟ್ಟು ಸೋರುತ್ತಿದ್ದದ್ದು ಈಗ ನಾಲ್ಕು ಪಟ್ಟಿಗೂ ಮಿಕ್ಕಿ ಸೋರುತ್ತದೆ, ಅಷ್ಟೇ. ಅದೂ ಪದರಗಳೆಲ್ಲ ಬಿಡಿಬಿಡಿಯಾಗಿ, ಒಂದೇ ಮಟ್ಟದಲ್ಲಿ ಮಲಗಿದ್ದರೆ ಮಾತ್ರ. ಕಾರ್ಖಾನೆಯಲ್ಲಿ ಅವು ಗಂಟುಕಟ್ಟುತ್ತವೆ, ಅಡ್ಡಾದಿಡ್ಡಿ ನಿಲ್ಲುತ್ತವೆ. ಇನ್ನೊಂದು ವಿನೋದವೆಂದರೆ, ಬಯಲುಸೀಮೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದು ಇದೇ ಜಾತಿಯ ಜೇಡಿಯಿಂದ. ನೀರನ್ನು ಹೀರಿ ಊದುವ ವಸ್ತುವನ್ನೇ ನೀರಿಗೆ ಕಾವಲಿಡಬೇಕಾದ್ದರಿಂದ ಮೊದಲು ಅದಕ್ಕೆ ಬೇರೆ ರಾಸಾಯನಿಕದ ಲೇಪ ಕೊಡಬೇಕಾಗುತ್ತದೆ. ಹಸಿರು ಚೀಲದ ಮೇಲೆ ಈ ಸಂಗತಿಯನ್ನು ಯಾರೂ ಅಚ್ಚುಹಾಕುವುದಿಲ್ಲ.

ಆಷಾಢದಲ್ಲಿ ಇದರ ಫಲ ಏನೆಂಬುದು ಗೃಹಿಣಿಯರಿಗೆ ವಿವರಿಸಬೇಕಾದ ವಿಷಯವಲ್ಲ. ಒಣಗಿಸಿ ಕಟ್ಟಿದ ಮೆಣಸು ತೇವ ಎಳೆದುಕೊಂಡು ಬೂಸ್ಟು ಹಿಡಿಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಹಿಂದಿರುಗಿ ಬಂದ ಸರಕಿನ ನಷ್ಟ ಸ್ವಸಹಾಯ ಸಂಘದ ಹೆಂಗಸರದ್ದು, ಚೀಲ ಮಾರಿದವನದ್ದಲ್ಲ.

ಇನ್ನು 'ಮಣ್ಣಾಗುತ್ತದೆ' ಎಂಬ ಮಾತು. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಇರುವ ಐಎಸ್ 17088 ಮಾನಕದ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. 180 ದಿನಗಳೊಳಗೆ ಶೇಕಡಾ 90ರಷ್ಟು ಜೀರ್ಣವಾದರೆ ಉತ್ತೀರ್ಣ. ಅದು ದೊಡ್ಡ ಗೊಬ್ಬರ ಕಾರ್ಖಾನೆಯ ಬಿಸಿ. ಜಡಿಮಳೆಗೆ ನೆನೆದ ಮನೆಯ ಗೊಬ್ಬರಗುಂಡಿ ಅಷ್ಟು ಬಿಸಿಯನ್ನು ವಾರಗಟ್ಟಲೆ ಉಳಿಸಿಕೊಳ್ಳಲಾರದು, ಹಳ್ಳದ ದಂಡೆಯ ದರಗಿನಲ್ಲಂತೂ ಆ ಪ್ರಶ್ನೆಯೇ ಇಲ್ಲ. ಅಲ್ಲಿ ಬಿದ್ದ ಪಿಎಲ್‌ಎ ಹಾಳೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಪಿಷ್ಟಕ್ಕೆ ಪಿಬಿಎಟಿ ಬೆರೆಸಿದ ಚೀಲ ಇದಕ್ಕಿಂತ ಬೇಗ ಕೊಳೆಯುತ್ತದೆ, ನಿಜ. ಆದರೆ ಆ ಪಿಬಿಎಟಿ ಸಾಮಾನ್ಯವಾಗಿ ಪೆಟ್ರೋಲಿಯಮ್ಮಿನಿಂದ ಬಂದದ್ದು.

ಕಾನೂನೂ ಈ ಗೊಂದಲದ ಲಾಭ ಪಡೆಯುವವರಿಗೆ ದಾರಿ ಬಿಟ್ಟಿದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರದ ನಿಯಮ 2022ರ ಡಿಸೆಂಬರ್ 31ರಿಂದ ಚೀಲದ ದಪ್ಪ ಕನಿಷ್ಠ 120 ಮೈಕ್ರಾನ್ ಇರಬೇಕೆಂದಿತು, ಆದರೆ ಗೊಬ್ಬರವಾಗುವ ಚೀಲಕ್ಕೆ ಈ ಮಿತಿಯಿಂದ ವಿನಾಯಿತಿ ಕೊಟ್ಟಿತು. ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಅಂಗಡಿಯಲ್ಲಿ ಅದನ್ನು ಕೇಳುವವರಾರು?

ಸಂಶೋಧನೆ ನಿಲ್ಲಬೇಕೆಂದು ಯಾರೂ ಹೇಳುತ್ತಿಲ್ಲ. ಅದು ಮೊದಲು ಬರಬೇಕಾದ ಜಾಗ ಬೇರೆ. ಅಡಿಕೆ, ಕಾಫಿ, ಕಾಡುಗಿಡಗಳ ಸಸಿ ಬೆಳೆಸುವ ಕರಿ ಪಾಲಿಥೀನ್ ಚೀಲಗಳು ನಾಟಿಯಾದ ಮೇಲೆ ತೋಟದಲ್ಲೇ ಹರಿದು ಬಿದ್ದಿರುತ್ತವೆ. ಅಲ್ಲಿ ತೇವ ದಾಟಿದರೆ ನಷ್ಟವಿಲ್ಲ. ನೆಲದ ಬಿಸಿಯಲ್ಲೇ ಕೊಳೆಯುವ ಚೀಲ ಸಿಕ್ಕರೆ ಸಾಕು. ಆ ದೊಡ್ಡ ಕೆಲಸವನ್ನು ಬಿಟ್ಟು ಮೆಣಸಿನ ಪೊಟ್ಟಣವನ್ನು ಹುಡುಕಿಕೊಂಡು ಬರುವುದು ವ್ಯಾಪಾರಬುದ್ಧಿ. ಒಣ ಸರಕಿಗೆ ತಗಡಿನ ಡಬ್ಬಿ, ಗಾಜಿನ ಭರಣಿ ಇವೆ. ಠೇವಣಿ ಇರಿಸಿಕೊಂಡು ಮರಳಿ ಪಡೆಯುವ ಪದ್ಧತಿಯನ್ನು ಸಂತೆಯ ಮಟ್ಟದಲ್ಲೇ ಆರಂಭಿಸಬಹುದು.

ವಿದ್ಯಾರ್ಥಿಗಳು ಮಾತ್ರ ಮಾರಾಟಗಾರನ ಮಾತನ್ನು ಪರೀಕ್ಷಿಸದೆ ಬಿಡಬಾರದು. ಉಪ್ಪನ್ನು ಚೆನ್ನಾಗಿ ಹುರಿದು, ಆರಿದ ಕೂಡಲೆ ಒಂದೇ ಅಳತೆಯ ಎರಡು ಚೀಲಗಳಲ್ಲಿ ಸಮವಾಗಿ ತುಂಬಬೇಕು. ಒಂದು ಹಸಿರು ಚೀಲ, ಇನ್ನೊಂದು ಅಷ್ಟೇ ದಪ್ಪದ ಪಾಲಿಥೀನು. ಬಾಯಿಯನ್ನು ಬಿಸಿಯಿಂದ ಬೆಸೆದು, ಜುಲೈ ತಿಂಗಳಿನಲ್ಲಿ ಶಾಲೆಯ ಜಗುಲಿಯಲ್ಲಿ ತೂಗುಹಾಕಿ, ಪ್ರಯೋಗಾಲಯದ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡಬೇಕು. ಹೆಚ್ಚಿದ ತೂಕವೆಲ್ಲ ಒಳಸೇರಿದ ನೀರು. ಹದಿನೈದು ದಿನಗಳ ಆ ಪಟ್ಟಿಯನ್ನು ಪಂಚಾಯಿತಿಯ ಫಲಕದ ಮೇಲೆ, ಚೀಲದ ಪಕ್ಕದಲ್ಲೇ ಅಂಟಿಸಲಿ.