ಲಂಡನ್ನಿನ ಬಡಾವಣೆಗೊಂದು ಪತ್ರಿಕೆ, ಉರಿಗಾಂಗೆ?

ಲಂಡನ್ ನೋಡಿ ಬಂದ ನಮ್ಮನ್ನು ಎಲ್ಲರೂ ಕೇಳುವುದು ಅರಮನೆ, ಗಡಿಯಾರದ ಗೋಪುರ. ನಮಗೆ ಹೊಟ್ಟೆಕಿಚ್ಚು ತಂದದ್ದು ಹ್ಯಾಕ್ನಿ ಎಂಬ ಬಡಾವಣೆಯಲ್ಲಿ ಬಿಟ್ಟಿಯಾಗಿ ಸಿಕ್ಕ ಒಂದು ಪತ್ರಿಕೆ. ಹೆಸರು ಹ್ಯಾಕ್ನಿ ಸಿಟಿಜನ್, 2008ರಲ್ಲಿ ಶುರುವಾದದ್ದು. ಅಲ್ಲಿನ ಕೌನ್ಸಿಲ್ ಏನು ಮಾಡಿತು, ಯಾರ ಮನೆ ಒಡೆಯುತ್ತಾರೆ, ಬಾಡಿಗೆ ಎಷ್ಟಾಯಿತು, ಇದೇ ಅದರ ಸುದ್ದಿ.

ಇದೇ ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ನಮ್ಮ ನೆಲಕ್ಕೆ ಬಂತು. ಎಷ್ಟು ಔನ್ಸ್ ಚಿನ್ನ ಸಿಕ್ಕಿತು ಎಂಬ ಲೆಕ್ಕ ಅಲ್ಲಿನ ಷೇರುದಾರರಿಗೆ ತಪ್ಪದೆ ತಲುಪುತ್ತಿತ್ತು. ಗಣಿ ಲೈನ್ ಮನೆಗಳ ಸುದ್ದಿ ಯಾರಿಗೆ ಬೇಕಿತ್ತು?

ಈಗಲಾದರೂ ಬೇಕೆ? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಟೀವಿಯವರು ಬರುವುದು ಸಿನಿಮಾ ಬಿಡುಗಡೆಯಾದಾಗ, ಇಲ್ಲವೇ ಚಿನ್ನದ ರೇಟು ಏರಿದಾಗ. ಗಾಳಿ ಬೀಸಿದರೆ ಸೈನೈಡ್ ಗುಡ್ಡದ ದೂಳು ಅನ್ನದ ತಟ್ಟೆಗೆ ಬೀಳುತ್ತದೆ. ಅದು ಬ್ರೇಕಿಂಗ್ ನ್ಯೂಸ್ ಅಲ್ಲವಂತೆ!

ಇಲ್ಲಿ ಓದುವವರಿಲ್ಲ ಎಂಬ ಮಾತು ಶುದ್ಧ ಸುಳ್ಳು. ಸ್ವರ್ಣ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರ ಕೈಯಲ್ಲಿ ಫೋನಿದೆ, ದಾರಿಯುದ್ದ ಓದುತ್ತಲೇ ಇರುತ್ತಾರೆ. ಸಂಪಾದಕರೇ, ರಾಬರ್ಟ್‌ಸನ್‌ಪೇಟೆ ನಗರಸಭೆಯ ಒಂದೇ ಒಂದು ಸಭೆಗೆ ನಿಮ್ಮ ವರದಿಗಾರರನ್ನು ಕಳಿಸಿ, ಕಾಫಿ ಬಂದ ಮೇಲೂ ಕೂರಲು ಹೇಳಿ.